ಹದಿನಾಲ್ಕನೇ ಚಾನೆಲ್

ರೇಯ್ನೊ ಅಹೊಲಾ ತಂದಿಟ್ಟ ಮೈಕು
ಟವೆಲ್ಲಿನಲ್ಲಿ ಸುತ್ತಿತ್ತು, ಆಗಷ್ಟೇ ಹಿಡಿದ ಮೀನಿನ ಹಾಗೆ.
"ಯಾರೂ ಮಾತಾಡುತ್ತಿಲ್ಲ, ಇರ್ಯಾ. ಹನ್ನೊಂದು ದಿನವಾಯಿತು.
ಕರೆದರೆ ಓಗೊಡುವುದಿಲ್ಲ. ಚಾನೆಲ್ಲೇ ಸತ್ತಂತಿದೆ."
ಬೂಟಿನ ಹಿಮವನ್ನು ನನ್ನ ಗ್ಯಾರೇಜಿನ ನೆಲಕ್ಕೆ ಕೊಡವಿ
"ನಾನೇನಾದರೂ ಅಂದುಬಿಟ್ಟೆನೇ?" ಅಂದ.

ನಾನು ಸ್ಕ್ರೂಡ್ರೈವರ್ ಹುಡುಕಿದೆ.
ಕೈಯಲ್ಲೇ ಇತ್ತು.

ಎಂಬರಾಸಿನಲ್ಲಿ ಫೆಬ್ರವರಿಯೆಂದರೆ
ಉಗುಳೂ ನೆಲ ಮುಟ್ಟುವ ಮೊದಲೇ ಗಟ್ಟಿ.
ರಸ್ತೆ ಮುಚ್ಚಿದ ಮೇಲೆ ಊರೆಂಬುದು ಉಳಿಯುವುದು
ಅಡುಗೆಮನೆಯ ಮೇಜಿನ ಮೇಲಿನ ಆ ಪೆಟ್ಟಿಗೆಯಲ್ಲಿ ಮಾತ್ರ.

ತಳದ ನಾಲ್ಕು ತಿರುಪು ಬಿಚ್ಚಿದೆ.
ಒಂಬತ್ತು ವೋಲ್ಟಿನ ಬ್ಯಾಟರಿ ಹಸಿರು ಕಿಲುಬು ಕಕ್ಕಿದ್ದರೂ
ಇನ್ನೂ ಜೀವ ಹಿಡಿದಿತ್ತು.
ಯಾವ ಪುಣ್ಯಾತ್ಮನೋ ಹಿಂದೆ ಕೈಯಾಡಿಸಿ
ಗೇನನ್ನು ತುತ್ತತುದಿಗೆ ತಿರುಗಿಸಿ ಅಂಟು ಸುರಿದಿದ್ದ.
ಗೋಡೆಗೂ ಕಿವಿ ಅನ್ನುತ್ತಾರಲ್ಲ,
ಈ ಮೈಕಿಗೆ ಗೋಡೆಯಾಚೆಯೂ ಕಿವಿ.
ತಲೆಯೊಳಗೆ ಉಪ್ಪಿನ ಹರಳು. ಹೌದು, ಉಪ್ಪೇ.
ದನಿ ತಾಗಿದರೆ ಬಾಗುತ್ತದೆ, ಬಾಗಿದರೆ ಎಳೆಯಷ್ಟು ವಿದ್ಯುತ್ತು;
ಬಾಯಿಯ ಹಬೆಗೆ ಮೆಲ್ಲಗೆ ಕರಗುತ್ತದೆ ಕೂಡ.
ನಲವತ್ತು ವರ್ಷ ಅವನ ಉಸಿರು ಕುಡಿದು
ಅಂಚೆಲ್ಲ ಮೆತ್ತಗಾಗಿತ್ತು.

ರೋಗ ಅಲ್ಲಿರಲಿಲ್ಲ.
ಮೀಟರಿನ ಕಡ್ಡಿಗಳನ್ನು ಕಪ್ಪು ತಂತಿಗೂ ಕೆಂಪಿಗೂ ಇಟ್ಟೆ:
ಪಟ್ಟಿ ಒತ್ತಿದರೂ ಪೀಂ, ಬಿಟ್ಟರೂ ಪೀಂ.
ಸ್ವಿಚ್ಚಿನ ತಗಡಿನ ನಾಲಿಗೆ ಬಾಗಿ ಕಚ್ಚಿಕೊಂಡಿತ್ತು.
ಸದಾ ಪ್ರಸಾರ. ಪ್ರಸಾರದಲ್ಲಿರುವಾಗ ಸೆಟ್ಟು ಕಿವುಡು.
ಯಾರೂ ಮಾತಾಡುತ್ತಿಲ್ಲ ಎಂದಲ್ಲ, ರೇಯ್ನೊ,
ನೀನು ನಿಲ್ಲಿಸಿರಲಿಲ್ಲ.

ಇದನ್ನು ನನಗೆ ಮೀಟರು ಹೇಳಬೇಕಿರಲಿಲ್ಲ.

ಎರಡನೇ ದಿನವೇ ಊರು ಇಪ್ಪತ್ತೆರಡಕ್ಕೆ ಗುಳೆ ಹೋಗಿತ್ತು.
ಅವನಿಗೆ ಹೇಳುವವರು ಯಾರು ಎಂದು ಅಲ್ಲಿ ಪಂಚಾಯಿತಿ.
ಗರಗಸದ ಗಿರಣಿಯ ವೆಲ್ಮಾ, ನಾನಂತೂ ಅಲ್ಲ, ಎಂದಳು.
ಹಿಮ ಗೋರುವ ಲಾರಿಯ ಕ್ಲೇಟನ್, ರಿಪೇರಿಯವಳು ಹೇಳಲಿ, ಎಂದ.
ರಿಪೇರಿಯವಳು ಸದ್ದಿಲ್ಲದೆ ತಿರುಗಣೆ ತಿರುಗಿಸಿ
ಹದಿನಾಲ್ಕಕ್ಕೆ ವಾಪಸು ಬಂದಿದ್ದಳು. ಮೂರು ರಾತ್ರಿ.

ಕೇಳಿಸಿದ್ದು: ಚಮಚ, ಲೋಟ. ಒಲೆಗೆ ಸೌದೆ.
ನಾಯಿಗೆ ಬೈಗುಳ, ಫಿನ್ನಿಶ್ ಭಾಷೆಯಲ್ಲಿ.
ಆಮೇಲೆ ಗಂಟಲು ಸರಿಮಾಡಿಕೊಂಡು,
"ಓನ್ನಿ, ಆ ದೋಣಿ ವಿಷಯ."
ನಿಲ್ಲಿಸಿ, ಮತ್ತೆ. "ಓನ್ನಿ, ದೋಣಿ ಮಾರಿದ್ದು ನಾನೇ."
"ಓನ್ನಿ, ಅಪ್ಪ ನಿನಗೇ ಕೊಟ್ಟಿದ್ದು ಅಂತ ಗೊತ್ತಿತ್ತು. ಮಾರಿದೆ."
ಅದೇ ಮಾತು, ಬೇರೆ ಬೇರೆ ಕಡೆಯಿಂದ ಹಿಡಿದು,
ಇಕ್ಕಟ್ಟಾದ ಬಾಗಿಲಲ್ಲಿ ಮಂಚ ದಾಟಿಸುವವನ ಹಾಗೆ.

ಓನ್ನಿ ಅವನ ತಮ್ಮ. ಮನೆ ಹೆಪ್ಪುಗಟ್ಟಿದ ಸರೋವರದಾಚೆ.
ಅವನ ಆಂಟೆನಾ ನನ್ನ ಕಿಟಕಿಗೆ ಕಾಣುತ್ತದೆ.
ಅವನು ಇಪ್ಪತ್ತೆರಡಕ್ಕೆ ಬಂದಿರಲೇ ಇಲ್ಲ,
ಅಷ್ಟು ಗೊತ್ತು.

ನಾಲಿಗೆಯನ್ನು ಚಿಮುಟದಿಂದ ನೆಟ್ಟಗೆ ಮಾಡಿದೆ.
ಹರಳು ಕಿತ್ತು, ಅವರೆಕಾಳಿನಷ್ಟು ಎಲೆಕ್ಟ್ರೆಟ್ ಕೂರಿಸಿದೆ.
ಅಂಟು ಕೆರೆದು ಗೇನನ್ನು ಅರ್ಧಕ್ಕಿಳಿಸಿದೆ;
ಕೀರಲು ತಡೆಯಲು ಒಂದು ಪುಟ್ಟ ಕೆಪಾಸಿಟರ್.
ಆಮೇಲೆ, ಅವನು ಕೇಳಿರದ ಒಂದು ಕೆಲಸ:
ತಳದ ಮುಂಭಾಗದಲ್ಲಿ ತೂತು ಕೊರೆದು ಕೆಂಪು ದೀಪ.

"ಇದೇಕೆ?"
"ಉರಿದರೆ ಊರು ಕೇಳುತ್ತಿದೆ ಅಂತ."
"ಮುಂಚೆ ಇರಲಿಲ್ಲವಲ್ಲ."
"ಇರಲಿಲ್ಲ," ಅಂದೆ.

ಅವನು ದೀಪವನ್ನು ನೋಡಿದ. ನನ್ನನ್ನು ನೋಡಿದ.
ಕಿವಿ ಕೆಂಪಾದವು. ಚಳಿಗೂ ಆಗುತ್ತವೆ.
ಹದಿನೆಂಟು ಡಾಲರ್ ಹೇಳಿದ್ದೆ, ಇಪ್ಪತ್ತು ಇಟ್ಟ,
ಆ ಹಳೆಯ ಹರಳನ್ನು ಕಾಗದದಲ್ಲಿ ಕಟ್ಟಿಸಿಕೊಂಡ.

ರಾತ್ರಿ ಹದಿನಾಲ್ಕರಲ್ಲಿ ಬರೀ ಸುಯ್ಲು.
ಒಂಬತ್ತು ದಾಟಿದ ಮೇಲೆ ಟಕ್ ಎಂದು ಒಂದು ಪಟ್ಟಿ ಒತ್ತಿದ ಸದ್ದು.
ಮಾತಿಲ್ಲ. ಬಿಟ್ಟ.
ಮತ್ತೆ ಟಕ್. ಈ ಸಲ ಇನ್ನೊಂದು ಕಡೆಯಿಂದ,
ಬೇರೆ ಮೈಕು, ಸರೋವರದ ಗಾಳಿ ಅದರೊಳಗೆ.

ನನ್ನ ಸೆಟ್ಟು ಆರಿಸಿದೆ.